ಕಿವಿ, ಹಲ್ಲು ಮತ್ತು ಒಂದು ಖಾಲಿ ದಿನ

ಮಲಗುವ ಕೋಣೆಯ ಮೂಲೆಯಲ್ಲಿ ಸೂಟ್‌ಕೇಸು ಬಾಯಿ ತೆರೆದುಕೊಂಡು ಬಿದ್ದು ಇಂದಿಗೆ ನಾಲ್ಕು ದಿನವಾಯಿತು. ಅದರೊಳಗೆ ಸದ್ಯಕ್ಕೆ ಇರುವುದು ನೀರೊಳಗೆ ಕಣ್ಣು-ಮೂಗು ಮುಚ್ಚುವ ಒಂದು ಮಾಸ್ಕು, ಎರಡು ತುಂಬುತೋಳಿನ ಈಜುಡುಗೆ, ಎರಡು ತೆಳು ಟವೆಲ್ಲು, ಅಮ್ಮ ಸಾಗರದಿಂದ ಕಳಿಸಿದ ಸಕ್ಕರೆ ಪಾಕದ ಶುಂಠಿ ಚೂರುಗಳ ಡಬ್ಬಿ, ಇಷ್ಟೇ. ದಿನಕ್ಕೆರಡು ಬಾರಿ ಬಾಗಿಲಿನಿಂದ ಇಣುಕಿ ನೋಡುವ ಅತ್ತೆಯವರು ನಿನ್ನೆ ತಡೆಯಲಾರದೆ, "ಏನಮ್ಮಾ, ನಾಡಿದ್ದು ಹೊರಡುವವಳು ಇನ್ನೂ ಏನೂ ತುಂಬಿಸಿಕೊಂಡಿಲ್ಲವಲ್ಲ!" ಎಂದರು. ತಯಾರಿ ಐದು ತಿಂಗಳ ಹಿಂದೆಯೇ ಶುರುವಾಗಿದೆ, ಅದರಲ್ಲಿ ಬಹುಪಾಲು ಈ ಪೆಟ್ಟಿಗೆಗೆ ಬರುವಂಥದ್ದಲ್ಲ ಎಂದು ಅವರಿಗೆ ಹೇಗೆ ಹೇಳುವುದೆಂದು ತಿಳಿಯದೆ ಸುಮ್ಮನೆ ನಕ್ಕೆ.

ಹೊರಟಿರುವುದು ಅಂಡಮಾನಿನ ಹ್ಯಾವ್ಲಾಕಿಗೆ. 2018ರ ಡಿಸೆಂಬರಿನಿಂದ ಅದರ ಅಧಿಕೃತ ಹೆಸರು ಸ್ವರಾಜ್ ದ್ವೀಪ. ನಾವು ವಿಮಾನದಿಂದ ಇಳಿಯುವ ಪೋರ್ಟ್ ಬ್ಲೇರ್ ಕೂಡ 2024ರಲ್ಲಿ ಶ್ರೀ ವಿಜಯ ಪುರಂ ಆಗಿದೆ. ಡೈವಿಂಗಿನವರ ಬಾಯಲ್ಲಿ ಮಾತ್ರ ಹಳೆಯ ಹೆಸರುಗಳೇ ಓಡಾಡುತ್ತಿವೆ, ನನ್ನ ಬಾಯಿಗೂ ಅವೇ ಬರುತ್ತವೆ. ಅಲ್ಲಿ ನಾಲ್ಕು ದಿನ ಉಳಿದು, ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ನೀರಿಗಿಳಿಯುವ ಸ್ಕೂಬಾ ಡೈವಿಂಗಿನ ಮೊದಲ ಹಂತದ ತರಬೇತಿ ಮುಗಿಸಬೇಕು ಎಂಬುದು ಯೋಜನೆ. ಜೊತೆಗೆ ಬರುವವನು ತಮ್ಮ. ಬೆಂಗಳೂರಿನ ಸಾಫ್ಟ್‌ವೇರ್ ಕೆಲಸದ ನಡುವೆ ಬಿಡುವು ಸಿಕ್ಕಾಗಲೆಲ್ಲ ಮುರುಡೇಶ್ವರಕ್ಕೆ ಓಡುವ ಅವನಿಗೆ ಈಗಾಗಲೇ ಇಪ್ಪತ್ತಕ್ಕೂ ಹೆಚ್ಚು ಡೈವುಗಳ ಅನುಭವವಿದೆ. ನನಗೆ ಇರುವುದು ಒಂದು ಸೋಲಿನ ಅನುಭವ.

ಎರಡು ವರ್ಷಗಳ ಹಿಂದೆ ಅವನೇ ನನ್ನನ್ನು ನೇತ್ರಾಣಿಗೆ ಕರೆದುಕೊಂಡು ಹೋಗಿದ್ದ. ಮುರುಡೇಶ್ವರದ ದಡದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿ, ಸುತ್ತ ಕಡಿದಾದ ಬಂಡೆಗಳನ್ನು ಹೊತ್ತು ನಿಂತ ಆ ಪುಟ್ಟ ದ್ವೀಪವನ್ನು ಇಂಗ್ಲಿಷಿನ ನಕ್ಷೆಗಳಲ್ಲಿ ಪಾರಿವಾಳದ ಹೆಸರಿನಿಂದ ಗುರುತಿಸುತ್ತಿದ್ದರು. ನೌಕಾಪಡೆಯವರು ಅದನ್ನು ಗುಂಡಿನ ಅಭ್ಯಾಸಕ್ಕೆ ಗುರಿಯಾಗಿ ಬಳಸಿದ್ದೂ ಉಂಟು. ಹೊರಡುವ ಹಿಂದಿನ ದಿನ ನನಗೆ ನೆಗಡಿಯಾಗಿತ್ತು. ಎರಡು ತಿಂಗಳ ಮೊದಲೇ ರಜೆ ಹಾಕಿ, ಹಣ ಕಟ್ಟಿ, ಬಸ್ಸಿನಲ್ಲಿ ರಾತ್ರಿಯಿಡೀ ಕುಳಿತು ಬಂದ ಮೇಲೆ ನೆಗಡಿಯ ಮಾತೆತ್ತಿ ಹಿಂದಿರುಗುವುದುಂಟೇ ಎಂದುಕೊಂಡು ಮೂಗಿಗೆ ಓಟ್ರಿವಿನ್ ಹನಿ ಬಿಟ್ಟುಕೊಂಡೆ, ಸಹಿ ಹಾಕಿಸಿಕೊಳ್ಳುವ ಕಾಗದದಲ್ಲಿ ನೆಗಡಿ ಇದೆಯೇ ಎಂಬ ಪ್ರಶ್ನೆಗೆ ಇಲ್ಲ ಎಂದು ಗುರುತು ಮಾಡಿದೆ. ನೀರಿಗಿಳಿದು ಎರಡು ಮೀಟರ್ ಹೋಗುವಷ್ಟರಲ್ಲಿ ಎಡಗಿವಿಯೊಳಗೆ ಯಾರೋ ದಬ್ಬಣ ಇಟ್ಟು ಒತ್ತಿದ ಹಾಗಾಯಿತು. ಮೇಲೆ ಬಂದೆ, ಮತ್ತೆ ಇಳಿದೆ, ಮೂರನೆಯ ಸಲ ಕಣ್ಣಲ್ಲಿ ನೀರು ಬಂದು ಮಾಸ್ಕು ಮಂಜಾದಾಗ ಜೊತೆಗಿದ್ದ ತರಬೇತುದಾರರು ಸಾಕೆಂದು ಸನ್ನೆ ಮಾಡಿದರು. ಉಳಿದ ಎರಡು ಗಂಟೆ ನಾನು ತೂಗಾಡುವ ಬೋಟಿನ ಅಂಚಿಗೆ ಆತುಕೊಂಡು ಬೆಳಗಿನ ಇಡ್ಲಿಯನ್ನು ಅರಬ್ಬಿ ಸಮುದ್ರಕ್ಕೆ ಒಪ್ಪಿಸುತ್ತ ಕಳೆದೆ. ತಮ್ಮ ಮೇಲೆ ಬಂದವನೇ, "ಅಕ್ಕಾ, ಆಮೆ ಕಣೇ, ಇಷ್ಟು ಹತ್ತಿರ!" ಎಂದ. ಆಮೆಯ ಮೇಲೆ ನನಗೆ ಆ ಹೊತ್ತು ಯಾವ ಪ್ರೀತಿಯೂ ಹುಟ್ಟಲಿಲ್ಲ.

ಆ ದಿನ ನನ್ನ ಚೀಲದಲ್ಲಿ ಯಾವುದಕ್ಕೂ ಕೊರತೆಯಿರಲಿಲ್ಲ. ಟೋಪಿ, ತಂಪು ಕನ್ನಡಕ, ನೀರು ಹೋಗದ ಮೊಬೈಲ್ ಚೀಲ, ಹೊಸದಾಗಿ ಕೊಂಡ ಚಪ್ಪಲಿ, ಎಲ್ಲವೂ ಇದ್ದವು. ಇರಲಿಲ್ಲವೆಂದರೆ ಒಂದು ನೆಟ್ಟಗಿನ ಕಿವಿ ಇರಲಿಲ್ಲ. ಈ ಬಾರಿಯ ತಯಾರಿಯನ್ನು ನಾನು ಆ ಕಿವಿಯಿಂದಲೇ ಆರಂಭಿಸಿದೆ.

ಕಿವಿತಮಟೆಯ ಹಿಂದೆ ಇರುವ ಪುಟ್ಟ ಗಾಳಿಗೂಡಿಗೂ ಗಂಟಲಿನ ಮೇಲ್ಭಾಗಕ್ಕೂ ಒಂದು ಸಣ್ಣ ನಾಳದ ಸಂಪರ್ಕವಿದೆ. ಆಗುಂಬೆ ಘಾಟಿ ಇಳಿಯುವಾಗ ಕಿವಿ ಗವ್ವೆಂದು, ಉಗುಳು ನುಂಗಿದರೆ ಟಕ್ಕೆಂದು ಸರಿಹೋಗುತ್ತದಲ್ಲ, ಅದು ಈ ನಾಳ ತೆರೆದುಕೊಳ್ಳುವ ಸದ್ದು. ಘಾಟಿಯಲ್ಲಿ ನೂರಾರು ಮೀಟರ್ ಇಳಿದಾಗ ಆಗುವ ಒತ್ತಡದ ವ್ಯತ್ಯಾಸ ನೀರಿನಲ್ಲಿ ಒಂದು ಆಳಿನೆತ್ತರ ಇಳಿಯುವುದರೊಳಗೆ ಆಗಿಬಿಡುತ್ತದೆ. ಸಮುದ್ರದಲ್ಲಿ ಪ್ರತಿ 10 ಮೀಟರಿಗೆ ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುತ್ತದೆ. ಮೇಲ್ಮೈಯಲ್ಲೇ ಗಾಳಿಯ ಒಂದು ವಾಯುಮಂಡಲದ ಒತ್ತಡ ಇರುವುದರಿಂದ 10 ಮೀಟರಿಗೆ ಹೋಗುವಾಗ ಒಟ್ಟು ಒತ್ತಡ ಇಮ್ಮಡಿಯಾಗುತ್ತದೆ, ಮತ್ತೊಮ್ಮೆ ಇಮ್ಮಡಿಯಾಗಬೇಕಾದರೆ 30 ಮೀಟರಿಗೆ ಇಳಿಯಬೇಕು. ಕಿವಿಗೆ ಕಷ್ಟ ಇರುವುದು ಆಳದಲ್ಲೇ ಎಂದುಕೊಂಡಿದ್ದ ನನಗೆ, ಅತಿ ಹೆಚ್ಚು ಎಚ್ಚರ ಬೇಕಾದದ್ದು ಮೊದಲ ಕೆಲವು ಮೀಟರುಗಳಲ್ಲಿ ಎಂಬುದು ಈ ಲೆಕ್ಕದಿಂದ ಅರ್ಥವಾಯಿತು. ನೋವು ಶುರುವಾದ ಮೇಲೆ ಮೂಗು ಹಿಡಿದು ಒತ್ತಿದರೆ ಆ ಹೊತ್ತಿಗಾಗಲೇ ನಾಳದ ಬಾಯಿ ಒತ್ತಡಕ್ಕೆ ಸಿಕ್ಕಿ ಮುಚ್ಚಿಕೊಂಡಿರುತ್ತದೆ. ನೋಯುವ ಮೊದಲೇ, ಪ್ರತಿ ಒಂದು ಮೀಟರಿಗೂ, ತಲೆ ಮೇಲಾಗಿ ಕಾಲು ಕೆಳಗಾಗಿ ಇಳಿಯುತ್ತ, ಮೆಲ್ಲಗೆ ಸರಿದೂಗಿಸಿಕೊಳ್ಳುತ್ತ ಹೋಗಬೇಕು.

ಮೂಗು ಹಿಡಿದು ಊದುವ ಈ ಉಪಾಯಕ್ಕೆ ಇಟಲಿಯ ಅಂಗರಚನಾ ತಜ್ಞ ಆಂಟೋನಿಯೋ ವಾಲ್ಸಾಲ್ವಾ ಅವರ ಹೆಸರಿದೆ. 1704ರಲ್ಲಿ ಕಿವಿಯ ಬಗ್ಗೆ ಗ್ರಂಥ ಬರೆದ ಆತನಿಗೆ ಸಮುದ್ರದ ಯೋಚನೆಯೇ ಇರಲಿಲ್ಲ. ಮಧ್ಯಕಿವಿಯಲ್ಲಿ ಸೇರಿಕೊಂಡ ಕೀವನ್ನು ಹೊರಹಾಕುವ ದಾರಿಯಾಗಿ ಅದನ್ನು ಹೇಳಿದ್ದ. ನಾನು ತೋರಿಸಿಕೊಂಡ ಕಿವಿ-ಮೂಗು-ಗಂಟಲಿನ ವೈದ್ಯರು ಮೂಗಿನ ಒಳಗೋಡೆ ಎಡಕ್ಕೆ ತುಸು ವಾಲಿದೆ, ತೊಂದರೆಯೇನಿಲ್ಲ ಎಂದು ಹೇಳಿ, ಬೆಳಗ್ಗೆ ಸಂಜೆ ಹತ್ತು ಹತ್ತು ಸಲ ಇದನ್ನೇ ಅಭ್ಯಾಸ ಮಾಡಿ ಎಂದರು. ಜೋರಾಗಿ ಊದಬಾರದೆಂದೂ, ಕನ್ನಡಿಯ ಮುಂದೆ ನಿಂತು ಕೆನ್ನೆ ಉಬ್ಬದಂತೆ ನೋಡಿಕೊಳ್ಳಬೇಕೆಂದೂ ಹೇಳಿದರು. ನೆಗಡಿಯಿದ್ದಾಗ ಮೂಗಿನ ಹನಿ ಹಾಕಿಕೊಂಡು ಇಳಿದದ್ದನ್ನು ಹೇಳಿದಾಗ ಮಾತ್ರ ಅವರು ಪೆನ್ನು ಕೆಳಗಿಟ್ಟರು. ಔಷಧದ ಬಲ ನೀರಿನಡಿಯಲ್ಲಿ ಇಳಿದುಹೋದರೆ ಮೇಲೆ ಬರುವಾಗ ಹಿಗ್ಗುವ ಗಾಳಿಗೆ ಹೊರಹೋಗಲು ದಾರಿ ಇರುವುದಿಲ್ಲ. ಇಳಿಯುವಾಗ ನೋವಾದರೆ ಹಿಂದಿರುಗಬಹುದು, ಏರುವಾಗ ನೋವಾದರೆ ಎಲ್ಲಿಗೆ ಹೋಗುತ್ತೀರಿ ಎಂದು ಕೇಳಿದರು. ನೇತ್ರಾಣಿಯಲ್ಲಿ ನನ್ನ ಕಿವಿ ಎರಡು ಮೀಟರಿಗೇ ಹಟ ಹಿಡಿದದ್ದು ನನ್ನ ಪುಣ್ಯ ಎಂದು ಅಂದು ಮೊದಲ ಬಾರಿ ಅನ್ನಿಸಿತು.

ಎರಡನೆಯ ತಯಾರಿ ಪುಪ್ಪುಸದ್ದು. ತರಬೇತಿಗೆ ಸೇರುವವರು ಹತ್ತು ಪ್ರಶ್ನೆಗಳ ಆರೋಗ್ಯಪತ್ರವೊಂದನ್ನು ತುಂಬಬೇಕು, ಅದರಲ್ಲಿ ಕೆಲವಕ್ಕೆ ಹೌದು ಎಂದರೆ ವೈದ್ಯರ ಸಹಿ ಬೇಕು. ಮಲೆನಾಡಿನ ಮಳೆಯಲ್ಲಿ ಬೆಳೆದ ನನಗೆ ಹನ್ನೆರಡು ವರ್ಷದವರೆಗೂ ಉಬ್ಬಸವಿತ್ತು. ಇಪ್ಪತ್ತೆಂಟು ವರ್ಷದಿಂದ ಅದರ ಸುಳಿವಿಲ್ಲ, ಹಾಗಾಗಿ ಇಲ್ಲ ಎಂದು ಬರೆದುಬಿಡುವ ಆಸೆ ಬಲವಾಗಿತ್ತು. ಆದರೆ ಒಮ್ಮೆ ಇಲ್ಲ ಎಂದು ಬರೆದು ಕಂಡ ಫಲ ನೆನಪಿದ್ದರಿಂದ ಹೌದು ಎಂದೇ ಬರೆದು, ನಮ್ಮ ಮನೆಯ ವೈದ್ಯರ ಬಳಿಗೆ ಕಾಗದ ಹಿಡಿದು ಹೋದೆ. ಮೂವತ್ತು ವರ್ಷದಿಂದ ಇಡೀ ಬಡಾವಣೆಯ ಜ್ವರ, ಭೇದಿ, ಬೆನ್ನುನೋವುಗಳನ್ನು ನೋಡಿಕೊಂಡು ಬಂದಿರುವ ಅವರು ಕನ್ನಡಕ ಏರಿಸಿ, ಆ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ, "ನೋಡಿ, ನೀವು ಮೀನು ನೋಡುವುದಕ್ಕೆ ಹೋಗುತ್ತಿದ್ದೀರೋ ಸೈನ್ಯಕ್ಕೆ ಸೇರುತ್ತಿದ್ದೀರೋ?" ಎಂದರು. ಆಮೇಲೆ ಎದೆಯ ಎಕ್ಸ್‌ರೇಗೂ ಪುಪ್ಪುಸದ ಊದುಪರೀಕ್ಷೆಗೂ ಬರೆದುಕೊಟ್ಟರು. ವ್ಯಾಯಾಮಕ್ಕೆ ಮೊದಲೊಮ್ಮೆ, ವ್ಯಾಯಾಮದ ನಂತರವೊಮ್ಮೆ ಕೊಳವೆಯೊಳಕ್ಕೆ ಊದಿ, ಎರಡೂ ಅಂಕಿಗಳು ಸರಿಯಿವೆ ಎಂದು ಖಾತ್ರಿಯಾದ ಮೇಲೆಯೇ ಸಹಿ ಬಿತ್ತು.

ಇಷ್ಟು ಬಿಗಿ ಏಕೆಂದು ಪುಸ್ತಕ ಓದಿದಾಗ ತಿಳಿಯಿತು. 10 ಮೀಟರ್ ಆಳದಲ್ಲಿ ತುಂಬಿಕೊಂಡ ಉಸಿರು ಹೊರಬಿಡದೆ ಹಿಡಿದುಕೊಂಡು ಮೇಲೆ ಬಂದರೆ ಆ ಗಾಳಿ ಇಮ್ಮಡಿಯಾಗಲು ಹವಣಿಸುತ್ತದೆ. ಪುಪ್ಪುಸ ಇಮ್ಮಡಿಯಾಗಲಾರದು, ಹರಿಯುತ್ತದೆ. ಉಬ್ಬಸದವರ ಶ್ವಾಸನಾಳ ಎಲ್ಲೋ ಒಂದೆಡೆ ಬಿಗಿದುಕೊಂಡು ಗಾಳಿಯನ್ನು ಹಿಡಿದಿಟ್ಟರೂ ಅದೇ ಅಪಾಯ. ಹೀಗಾಗಿ ಡೈವಿಂಗಿನ ಮೊದಲ ನಿಯಮ ಎಂದೂ ಉಸಿರು ಹಿಡಿಯಬೇಡ ಎಂಬುದು. ಚಿಕ್ಕಂದಿನಲ್ಲಿ ಹೊಳೆಯ ಮಡುವಿನಲ್ಲಿ ಮೂಗು ಮುಚ್ಚಿ ಮುಳುಗಿ, ಯಾರು ಹೆಚ್ಚು ಹೊತ್ತು ಒಳಗಿರುತ್ತಾರೆ ಎಂದು ಪಂದ್ಯ ಕಟ್ಟಿದವಳು ನಾನು. ನೀರಿನೊಳಗೆ ತಲೆ ಹೋದ ಕೂಡಲೇ ಉಸಿರು ಕಟ್ಟುವುದು ನನಗೆ ಕಣ್ಣು ಮಿಟುಕಿಸಿದಷ್ಟೇ ಸಹಜ. ಅದನ್ನು ಬಿಡಿಸಿಕೊಳ್ಳಲು ಎರಡು ತಿಂಗಳು ಬೇಕಾಯಿತು. ಬೆಳಗಿನ ಪ್ರಾಣಾಯಾಮದಲ್ಲಿ ಪೂರಕ, ರೇಚಕ ಎರಡನ್ನೇ ಉಳಿಸಿಕೊಂಡು, ಉಸಿರು ಹಿಡಿದಿಡುವ ಕುಂಭಕವನ್ನು ಪೂರ್ತಿ ಕೈಬಿಟ್ಟಿದ್ದೇನೆ. ಯೋಗದ ಗುರುಗಳಿಗೆ ಇದು ಹಿಡಿಸಿಲ್ಲ.

ಈಜಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ತರಬೇತಿಗೆ ನಿಲ್ಲದೆ 200 ಮೀಟರ್ ಈಜಬೇಕು, ಯಾವುದನ್ನೂ ಹಿಡಿಯದೆ 10 ನಿಮಿಷ ತೇಲಬೇಕು, ವೇಗದ ಲೆಕ್ಕವಿಲ್ಲ. ನಮ್ಮ ಮೈಸೂರಿನ ಸರಸ್ವತಿಪುರಂನಲ್ಲಿರುವ ವಿಶ್ವವಿದ್ಯಾನಿಲಯದ ಈಜುಕೊಳದಲ್ಲಿ ವಾರಕ್ಕೆ ಮೂರು ದಿನ ಅದನ್ನು ಮಾಡಿದೆ. ತೇಲುವುದೇ ಕಷ್ಟವಾಯಿತು, ಏಕೆಂದರೆ ಹತ್ತು ನಿಮಿಷ ಏನೂ ಮಾಡದೆ ಆಕಾಶ ನೋಡುತ್ತ ಬಿದ್ದಿರುವ ಅಭ್ಯಾಸ ಸಂಸಾರಸ್ಥ ಹೆಂಗಸಿಗೆ ಎಲ್ಲಿಂದ ಬರಬೇಕು.

ಹಲ್ಲಿನ ವಿಷಯ ನನ್ನ ಪಟ್ಟಿಯಲ್ಲಿ ಇರಲೇ ಇಲ್ಲ. ತಮ್ಮನೇ ಒಮ್ಮೆ ಫೋನಿನಲ್ಲಿ, "ಅಕ್ಕಾ, ಆ ಹಳೇ ಫಿಲ್ಲಿಂಗ್ ತೋರಿಸಿಕೋ" ಎಂದ. ಸಡಿಲಗೊಂಡ ಫಿಲ್ಲಿಂಗಿನ ಅಡಿಯಲ್ಲಿ ಕೂದಲೆಳೆಯಷ್ಟು ಜಾಗದಲ್ಲಿ ಗಾಳಿ ಸಿಕ್ಕಿಕೊಂಡಿದ್ದರೂ ಒತ್ತಡ ಬದಲಾದಾಗ ಅದು ಹಿಂಡಿ ನೋಯಿಸಬಲ್ಲದು. ತೋರಿಸಿದರೆ ನಿಜವಾಗಿಯೂ ಬಲಗಡೆಯ ದವಡೆ ಹಲ್ಲೊಂದಕ್ಕೆ ರೂಟ್ ಕೆನಾಲ್ ಬೇಕಿತ್ತು. ಅದು ಮುಗಿದು, ಟೊಪ್ಪಿ ಕೂರಿಸಿ, ಚೆನ್ನಾಗಿ ಆರಲು ಬಿಡಬೇಕಾಗಿದ್ದರಿಂದ ನವೆಂಬರಿನ ಪ್ರವಾಸ ಫೆಬ್ರುವರಿಗೆ ಸರಿಯಿತು. ಅದೂ ಒಳ್ಳೆಯದೇ ಆಯಿತೆನ್ನಬೇಕು. ಅಂಡಮಾನಿಗೆ ನೈಋತ್ಯ, ಈಶಾನ್ಯ ಎರಡೂ ಮುಂಗಾರು-ಹಿಂಗಾರುಗಳ ಪಾಲಿದೆ, ಫೆಬ್ರುವರಿಯಿಂದ ಏಪ್ರಿಲಿನವರೆಗೆ ಕಡಲು ಶಾಂತವಾಗಿ ನೀರು ತಿಳಿಯಾಗಿರುತ್ತದೆ.

ಈಗ ಪೆಟ್ಟಿಗೆಯಲ್ಲಿರುವ ಆ ಮಾಸ್ಕಿನ ಮಾತು. ಉಳಿದ ಸಲಕರಣೆಗಳನ್ನೆಲ್ಲ, ಅಂದರೆ ಸಿಲಿಂಡರು, ಅದರ ಗಾಳಿಯನ್ನು ಬಾಯಿಗೆ ತಲುಪಿಸುವ ರೆಗ್ಯುಲೇಟರು, ಗಾಳಿ ತುಂಬುವ ಜಾಕೆಟ್ಟು, ಕಾಲಿನ ಫಿನ್ಸು, ಮೈ ಬೆಚ್ಚಗಿಡುವ ವೆಟ್‌ಸೂಟು ಇವನ್ನೆಲ್ಲ ಅಲ್ಲಿಯೇ ಕೊಡುತ್ತಾರೆ. ಮೊದಲ ಬಾರಿಗೆ ಹೋಗುವವರು ಅವುಗಳ ಮೇಲೆ ದುಡ್ಡು ಸುರಿಯುವುದು ಅವಿವೇಕ ಎಂದೇ ನನ್ನ ಅಭಿಪ್ರಾಯ. ಮಾಸ್ಕು ಮಾತ್ರ ಸ್ವಂತದ್ದಿರಬೇಕು. ಒಬ್ಬರ ಮುಖಕ್ಕೆ ಹೊಂದಿದ್ದು ಇನ್ನೊಬ್ಬರ ಮುಖಕ್ಕೆ ಹೊಂದುವುದಿಲ್ಲ. ಪಟ್ಟಿ ಹಾಕಿಕೊಳ್ಳದೆ ಮುಖಕ್ಕೆ ಒತ್ತಿ, ಮೂಗಿನಿಂದ ತುಸು ಉಸಿರೆಳೆದು ಕೈಬಿಟ್ಟರೆ ಬೀಳದೆ ನಿಲ್ಲಬೇಕು, ಅದೇ ಪರೀಕ್ಷೆ. ಅಂಗಡಿಯಲ್ಲಿ ನಾನು ಹೀಗೆ ಆರು ಮಾಸ್ಕುಗಳನ್ನು ಮುಖಕ್ಕೆ ಅಂಟಿಸಿಕೊಂಡು ನಿಂತದ್ದನ್ನು ನಮ್ಮ ಮನೆಯವರು ಫೋಟೋ ತೆಗೆದು ಬಂಧುಬಳಗಕ್ಕೆಲ್ಲ ಕಳಿಸಿದ್ದಾರೆ. ನನ್ನ ಕಣ್ಣಿನ ಪವರ್ ಮೈನಸ್ ಮೂರೂವರೆ. ನೀರಿನಲ್ಲಿ ವಸ್ತುಗಳು ಮೂರನೇ ಒಂದು ಪಾಲು ದೊಡ್ಡದಾಗಿ, ಕಾಲು ಪಾಲು ಹತ್ತಿರವಾಗಿ ಕಾಣುತ್ತವೆಯಾದ್ದರಿಂದ ಸ್ವಲ್ಪ ಕಡಿಮೆ ಪವರಿನ ಗಾಜೂ ನಡೆಯುತ್ತದೆ. ಅರ್ಧರ್ಧ ಅಂಕಿಯ ಅಂತರದಲ್ಲಿ ಸಿದ್ಧವಾಗಿ ಸಿಗುವ ಗಾಜುಗಳಲ್ಲಿ ಮೈನಸ್ ಮೂರನ್ನು ಹಾಕಿಸಿಕೊಂಡೆ. ನೇತ್ರಾಣಿಯಲ್ಲಿ ಕಿವಿ ನೋಯದೇ ಇದ್ದಿದ್ದರೂ, ಬರಿಗಣ್ಣಿನಲ್ಲಿ ಇಳಿದಿದ್ದ ನನಗೆ ಆ ಆಮೆ ಒಂದು ಹಸಿರು ಮಬ್ಬಾಗಿ ಕಾಣುತ್ತಿತ್ತಷ್ಟೇ ಎಂಬುದು ಆಗ ಹೊಳೆದು ಸ್ವಲ್ಪ ಸಮಾಧಾನವಾಯಿತು.

ಹೊಸ ಮಾಸ್ಕನ್ನು ನೇರ ನೀರಿಗೆ ಒಯ್ದರೆ ಒಳಗಾಜು ಮಂಜಾಗುತ್ತಲೇ ಇರುತ್ತದೆ, ತಯಾರಿಕೆಯಲ್ಲಿ ಗಾಜಿಗೆ ಹತ್ತಿದ ತೆಳುಪೊರೆ ಅದರ ಕಾರಣ. ಅದನ್ನು ತೆಗೆಯಲು ಎಲ್ಲರೂ ಬಳಸುವುದು ಟೂತ್‌ಪೇಸ್ಟನ್ನೇ: ಹೊಳೆಯುವ ಜೆಲ್ ಬೇಡ, ಸಾದಾ ಬಿಳಿಯದು. ಬೆರಳಿನಿಂದ ಐದು ನಿಮಿಷ ಉಜ್ಜಿ ತೊಳೆದು, ಮತ್ತೆ ಉಜ್ಜಿ, ಹೀಗೆ ಮೂರು ದಿನ ಮಾಡಿದ್ದೇನೆ. ಇಷ್ಟಾದ ಮೇಲೂ ಪ್ರತಿ ಬಾರಿ ಇಳಿಯುವ ಮುನ್ನ ಗಾಜಿಗೆ ಉಗುಳು ಸವರಿ ತೊಳೆಯಬೇಕಂತೆ. ಎಂಜಲು ಮೈಲಿಗೆಗಳನ್ನು ಕಟ್ಟುನಿಟ್ಟಾಗಿ ಪಾಲಿಸುವ ಮನೆಯಲ್ಲಿ ಬೆಳೆದ ನನಗೆ ಇದೊಂದನ್ನು ನಾಲ್ಕು ಜನರ ಮುಂದೆ ಮಾಡುವುದು ಹೇಗೆಂಬ ಸಂಕೋಚ ಉಳಿದಿದೆ. ಒಂದು ಪುಟ್ಟ ಬಾಟಲಿಯಲ್ಲಿ ಮಕ್ಕಳ ಶಾಂಪೂ ಇಟ್ಟುಕೊಂಡಿದ್ದೇನೆ, ಅದೂ ಕೆಲಸ ಮಾಡುತ್ತದೆ.

ಒಡವೆಯ ವಿಷಯ ಬಂದಾಗ ಮನೆಯಲ್ಲಿ ಸ್ವಲ್ಪ ಮಾತಾಯಿತು. ನೀರಿನಲ್ಲಿ ಉಂಗುರ ಬೆರಳಿನಿಂದ ಜಾರಬಹುದು, ಸರ ರೆಗ್ಯುಲೇಟರಿನ ಕೊಳವೆಗೆ ಸಿಕ್ಕಿಕೊಳ್ಳಬಹುದು, ಕಾಲುಂಗುರ ಫಿನ್ಸಿನೊಳಗೆ ಒತ್ತಿ ಚರ್ಮ ಕೀಳಬಹುದು. ಆದ್ದರಿಂದ ಎಲ್ಲವನ್ನೂ ಬಿಚ್ಚಿಡಬೇಕೆಂದು ಡೈವಿಂಗ್ ಕೇಂದ್ರದವರು ಕಳಿಸಿದ ಸೂಚನೆಯಲ್ಲಿತ್ತು. ಕರಿಮಣಿ ಬಿಚ್ಚಿಡುವ ಮಾತನ್ನು ಫೋನಿನಲ್ಲಿ ಕೇಳಿದ ಅಮ್ಮ, "ಬಟ್ಟೆಯೊಳಗೆ ಪಿನ್ನು ಹಾಕಿಕೊಳ್ಳೇ, ಯಾರಿಗೆ ಕಾಣತ್ತೆ" ಎಂದಳು. ಅತ್ತೆಯವರು ಏನೆನ್ನುವರೋ ಎಂದು ನಾನು ಎರಡು ದಿನ ಮಾತು ಮುಂದೂಡಿದ್ದೆ. ಕೊನೆಗೆ ಹೇಳಿದಾಗ ಅವರು ಅವರೆಕಾಯಿ ಬಿಡಿಸುತ್ತಿದ್ದ ಕೈ ನಿಲ್ಲಿಸದೆ, "ಸಮುದ್ರದಲ್ಲಿ ಬಿದ್ದರೆ ಹುಡುಕುವವರು ಯಾರು? ಬೀರುವಿನಲ್ಲಿಟ್ಟು ಬೀಗದ ಕೈ ನನ್ನ ಹತ್ತಿರ ಕೊಡು" ಎಂದರು, ಅಷ್ಟೇ. ಕೂದಲಿನ ಬಗ್ಗೆ ಮಾತ್ರ ಅವರದೊಂದು ಸಲಹೆಯಿತ್ತು: ಎರಡು ಜಡೆ ಹಾಕಿಕೋ, ಶಾಲೆಯ ಹುಡುಗಿಯರ ಹಾಗೆ. ಹಣೆಯ ಮೇಲಿನ ಒಂದೆಳೆ ಕೂದಲು ಮಾಸ್ಕಿನ ಅಂಚಿನಡಿ ಸೇರಿದರೂ ನೀರು ಜಿನುಗುತ್ತದೆ ಎಂದು ತಮ್ಮ ಹೇಳಿದ್ದಕ್ಕೂ ಇದಕ್ಕೂ ಸರಿಹೊಂದಿತು. ಮುಟ್ಟಿನ ದಿನಗಳ ಲೆಕ್ಕವನ್ನೂ ಹಾಕಿದ್ದೇನೆ. ತಪ್ಪಿದರೂ ಪ್ರವಾಸ ನಿಲ್ಲಬೇಕಿಲ್ಲ, ಮುಟ್ಟಿನ ಬಟ್ಟಲು (ಕಪ್) ಬಳಸುವವರು ಎಂದಿನಂತೆ ಇಳಿಯುತ್ತಾರೆ ಎಂದು ಈಗಾಗಲೇ ಹೋಗಿಬಂದ ಗೆಳತಿಯರು ಹೇಳಿದ್ದಾರೆ.

ಬಟ್ಟೆಯೆಂದರೆ ಈ ಪ್ರವಾಸದಲ್ಲಿ ಹೆಚ್ಚೇನೂ ಬೇಡ. ಅಂಡಮಾನಿನ ನೀರು ಸುಮಾರು 27ರಿಂದ 30 ಡಿಗ್ರಿಯಷ್ಟು ಬೆಚ್ಚಗಿದ್ದರೂ, ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ವೇಗವಾಗಿ ಮೈಯ ಶಾಖವನ್ನು ಎಳೆದುಕೊಳ್ಳುವುದರಿಂದ ದಿನಕ್ಕೆರಡು ಬಾರಿ ಮುಕ್ಕಾಲು ಗಂಟೆ ಒಳಗಿದ್ದರೆ ಹಲ್ಲು ಕಟಕಟ ಎನ್ನುತ್ತದಂತೆ. ಹಾಗಾಗಿ ಬೋಟಿಗೆಂದು ಒಂದು ಗಾಳಿ ತಡೆಯುವ ಜಾಕೆಟ್ಟು. ತುಂಬುತೋಳಿನ ಈಜುಡುಗೆಗೆ ಇನ್ನೊಂದು ಕಾರಣವಿದೆ. ಸನ್‌ಸ್ಕ್ರೀನಿನಲ್ಲಿರುವ ಆಕ್ಸಿಬೆಂಜೋನ್, ಆಕ್ಟಿನಾಕ್ಸೇಟ್ ಎಂಬ ರಾಸಾಯನಿಕಗಳು ಹವಳಕ್ಕೆ ಕೆಡುಕೆಂದು ಪಲಾವು ದೇಶ 2020ರಿಂದ, ಹವಾಯಿ 2021ರಿಂದ ಅವನ್ನು ತಡೆದಿವೆ. ಹವಳಕ್ಕೆ ಸುರಕ್ಷಿತ ಎಂದು ಬರೆದ ಟ್ಯೂಬುಗಳು ನಮ್ಮ ಅಂಗಡಿಗಳಲ್ಲೂ ಸಿಗುತ್ತವೆ, ಆದರೆ ಆ ಬರಹವನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಬಟ್ಟೆ ಮುಚ್ಚಿದ ಕಡೆ ಏನನ್ನೂ ಬಳಿಯಬೇಕಿಲ್ಲ, ಮುಖಕ್ಕೆ ಜಿಂಕ್ ಆಕ್ಸೈಡಿನ ಬಿಳಿ ಮುಲಾಮು ಸಾಕು. ಅಂಡಮಾನಿನ ಹವಳದ ದಿಬ್ಬಗಳು 2010ರಲ್ಲಿ, ಮತ್ತೆ 2016ರಲ್ಲಿ ನೀರು ಕಾದು ಬಿಳಿಚಿಕೊಂಡಿದ್ದವು. ಅದಕ್ಕೆ ಕಾರಣ ನನ್ನ ಸನ್‌ಸ್ಕ್ರೀನು ಎಂದು ಯಾರೂ ಹೇಳುವುದಿಲ್ಲ, ಹಾಗೆಂದು ಬಳಲಿ ಮಲಗಿದವರ ಮನೆಗೆ ಹೋಗುವಾಗ ಕೈ ತೊಳೆದುಕೊಂಡು ಹೋಗುವುದರಲ್ಲಿ ತಪ್ಪೇನೂ ಇಲ್ಲ. ಇದೇ ಕಾರಣಕ್ಕೆ ನೀರೊಳಗಿನ ಕ್ಯಾಮೆರಾವನ್ನೂ ಬೇಡವೆಂದೆ. ಇನ್ನೂ ತೇಲುವ ಹದ ಸಿಗದವರು ಕೈಯಲ್ಲಿ ಕ್ಯಾಮೆರಾ ಹಿಡಿದರೆ ಕಾಲು ಎಲ್ಲಿ ಬಡಿಯುತ್ತಿದೆ ಎಂಬುದರ ಪರಿವೆ ಇರುವುದಿಲ್ಲ. ಇನ್ನು ಎದುರು ಮನೆಯವರಿಗೆ ದೇವರ ಕೋಣೆಗೊಂದು ಹವಳದ ತುಂಡು ಬೇಕಂತೆ. ಹವಳ ನಮ್ಮ 1972ರ ವನ್ಯಜೀವಿ ಕಾಯ್ದೆಯಲ್ಲಿ ಹುಲಿಯ ಜೊತೆಗೆ ಮೊದಲ ಅನುಸೂಚಿಯಲ್ಲೇ ಇದೆ, ಸತ್ತದ್ದನ್ನು ತಂದರೂ ವಿಮಾನ ನಿಲ್ದಾಣದಲ್ಲಿ ಹಿಡಿಯುತ್ತಾರೆ ಎಂದು ವಿವರಿಸಿದ್ದೇನೆ. ಅವರು ನಂಬಿದಂತೆ ಕಾಣಲಿಲ್ಲ.

ಸಣ್ಣಪುಟ್ಟ ಸಾಮಾನುಗಳು ನಾಳೆ ಬೆಳಗ್ಗೆ ಅರ್ಧ ಗಂಟೆಯಲ್ಲಿ ತುಂಬುವಂಥವು. ಹಡಗು ಹತ್ತುವ ಮುನ್ನ ನುಂಗಲು ವಾಂತಿ ತಡೆಯುವ ಮಾತ್ರೆ ಅವೋಮಿನ್. ಅದು ನಿದ್ದೆ ತರಿಸುವುದರಿಂದ ಡೈವಿಂಗಿನ ದಿನ ಬೇಡ, ಊರಿಂದ ಊರಿಗೆ ಹೋಗುವ ಹಡಗಿಗಷ್ಟೇ ಎಂದು ವೈದ್ಯರ ಕಟ್ಟಪ್ಪಣೆಯಿದೆ, ಡೈವಿಂಗಿನ ದಿನಗಳಿಗೆ ಅಮ್ಮನ ಶುಂಠಿ. ಹ್ಯಾವ್ಲಾಕಿನ ಮರಳಿನಲ್ಲಿ ಕಣ್ಣಿಗೆ ಕಾಣದಷ್ಟು ಚಿಕ್ಕ ಮರಳುನೊಣಗಳಿದ್ದು ಅವುಗಳ ಕಡಿತ ವಾರಗಟ್ಟಲೆ ತುರಿಸುತ್ತದೆಂದು ಹೋಗಿಬಂದವರೆಲ್ಲ ಒಂದೇ ದನಿಯಲ್ಲಿ ಹೇಳುತ್ತಾರೆ. ಅದಕ್ಕೆ ಕೊಬ್ಬರಿ ಎಣ್ಣೆ. ಎಟಿಎಮ್ಮುಗಳು ಕಡಿಮೆಯಾದ್ದರಿಂದ ಸ್ವಲ್ಪ ನಗದು. ತಮ್ಮನ ಟಾರ್ಚಿನ ಲಿಥಿಯಂ ಬ್ಯಾಟರಿಗಳೂ ನನ್ನ ಪವರ್ ಬ್ಯಾಂಕೂ ಕೈಚೀಲದಲ್ಲೇ ಹೋಗಬೇಕು, ಸರಕಿನ ಜೊತೆ ಹಾಕುವಂತಿಲ್ಲ. ಚಟ್ನಿಪುಡಿ ಹೋಗುತ್ತದೆ. ಅದಿಲ್ಲದೆ ನಮ್ಮ ಮನೆಯಿಂದ ಯಾವ ಪೆಟ್ಟಿಗೆಯೂ ಹೊರಬಿದ್ದಿಲ್ಲ.

ಎಲ್ಲಕ್ಕಿಂತ ಹೆಚ್ಚು ಜಗಳವಾಡಿ ಸಂಪಾದಿಸಿದ್ದು ಒಂದು ಖಾಲಿ ದಿನವನ್ನು. ನೀರಿನೊಳಗೆ ಒತ್ತಡದಲ್ಲಿ ಉಸಿರಾಡಿದಾಗ ಗಾಳಿಯಲ್ಲಿನ ಸಾರಜನಕ ರಕ್ತದಲ್ಲೂ ಮಾಂಸದಲ್ಲೂ ಕರಗಿ ಸೇರಿಕೊಳ್ಳುತ್ತದೆ. ಮೇಲೆ ಬಂದ ಮೇಲೆ ಅದು ಗಂಟೆಗಟ್ಟಲೆ ನಿಧಾನವಾಗಿ ಉಸಿರಿನ ಮೂಲಕ ಹೊರಹೋಗಬೇಕು. ಅದಕ್ಕೆ ಮೊದಲೇ ಒತ್ತಡ ಕಡಿಮೆಯಿರುವ ಎತ್ತರಕ್ಕೆ ಹೋದರೆ, ಗೋಲಿಸೋಡಾದ ಗೋಲಿ ಒತ್ತಿದ ಹಾಗೆ, ಕರಗಿದ್ದು ಗುಳ್ಳೆಯಾಗಿ ಎದ್ದು ಕೀಲು, ನರ, ಬೆನ್ನುಹುರಿಗಳಲ್ಲಿ ಸಿಕ್ಕಿಕೊಳ್ಳಬಹುದು. ವಿಮಾನದೊಳಗಿನ ಒತ್ತಡ ಸುಮಾರು 1800ರಿಂದ 2400 ಮೀಟರ್ ಎತ್ತರದ ಬೆಟ್ಟದ ಮೇಲಿನಷ್ಟಿರುತ್ತದೆ, ಅಂದರೆ ಮುಳ್ಳಯ್ಯನಗಿರಿಯ ನೆತ್ತಿಯಷ್ಟು ಅಥವಾ ಇನ್ನೂ ಮೇಲೆ. ಆದ್ದರಿಂದ ಒಂದೇ ಡೈವಿನ ನಂತರ ಕನಿಷ್ಠ 12 ಗಂಟೆ, ಹಲವು ದಿನ ಹಲವು ಡೈವು ಮಾಡಿದ್ದರೆ ಕನಿಷ್ಠ 18 ಗಂಟೆ ವಿಮಾನ ಹತ್ತಬಾರದು ಎಂಬ ನಿಯಮವಿದೆ. ಎಚ್ಚರಿಕೆಯ ಸ್ವಭಾವದವರು ಇಡೀ ದಿನವನ್ನೇ ಬಿಡುತ್ತಾರೆ. ಈ ವಿಷಯ ಓದುತ್ತಿದ್ದಾಗ ನನಗೆ ನೆನಪಾದದ್ದು ನಮ್ಮ ನೇತ್ರಾಣಿಯೇ. ಭಾನುವಾರ ಮಧ್ಯಾಹ್ನ ನೀರಿನಿಂದ ಎದ್ದು, ಸಂಜೆ ಬಸ್ಸು ಹತ್ತಿ, ರಾತ್ರಿ ಘಾಟಿ ಏರಿ, ಸೋಮವಾರ ಬೆಳಗಾಗುವಷ್ಟರಲ್ಲಿ 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಕಚೇರಿಗೆ ಹಾಜರಾಗುವವರು ವಿಮಾನದ ನಿಯಮವನ್ನಷ್ಟೇ ಬಾಯಿಪಾಠ ಮಾಡಿರುತ್ತಾರೆ, ಬಸ್ಸೂ ಎತ್ತರಕ್ಕೇ ಹೋಗುತ್ತದೆಂಬುದು ಅವರ ಲೆಕ್ಕಕ್ಕೆ ಬಂದಿರುವುದಿಲ್ಲ. ತಮ್ಮನಿಗೆ ಇದನ್ನು ಹೇಳಿದಾಗ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಷ್ಟು ವರ್ಷ ಏನೂ ಆಗಿಲ್ಲವಲ್ಲ ಅಕ್ಕಾ" ಎಂದ. ಆ ಮಾತಿಗೆ ನಾನು ಉತ್ತರ ಕೊಡಲಿಲ್ಲ, ಮುಂದಿನ ಸಲ ಮುರುಡೇಶ್ವರದಲ್ಲಿ ಒಂದು ರಾತ್ರಿ ಉಳಿಯುವುದಾಗಿ ಮಾತು ಮಾತ್ರ ತೆಗೆದುಕೊಂಡಿದ್ದೇನೆ.

ಹಾಗಾಗಿ ನಮ್ಮ ಏಳು ದಿನಗಳಲ್ಲಿ ಆರನೆಯದಕ್ಕೆ ಡೈವಿಂಗ್ ಇಲ್ಲ. ಅಂದು ಹಡಗಿನಲ್ಲಿ ಪೋರ್ಟ್ ಬ್ಲೇರಿಗೆ ಬಂದು, 1906ರಲ್ಲಿ ಕಟ್ಟಿ ಮುಗಿಸಿದ ಸೆಲ್ಯುಲರ್ ಜೈಲನ್ನು ನೋಡಿ, ರಾತ್ರಿ ಅಲ್ಲೇ ಮಲಗಿ, ಮರುದಿನ ವಿಮಾನ. ದುಡ್ಡು ಕೊಟ್ಟು ಹೋದ ಕಡೆ ಒಂದು ದಿನ ಸುಮ್ಮನೆ ಕಳೆಯುವುದೇ ಎಂದು ಮೊದಲು ಗೊಣಗಿದವರು ನಮ್ಮ ಮನೆಯವರು, ಬರುವವರಲ್ಲದಿದ್ದರೂ. ಸಂಸಾರವೆಂದರೆ ಹಾಗೆ, ಹೋಗದವರಿಗೂ ಪ್ರವಾಸದಲ್ಲಿ ಪಾಲಿರುತ್ತದೆ. ಅವರು ಈಗ ಕೈಸನ್ನೆಗಳನ್ನೂ ಕಲಿತಿದ್ದಾರೆ. ನೀರಿನಲ್ಲಿ ಹೆಬ್ಬೆರಳು ಎತ್ತಿದರೆ ಚೆನ್ನಾಗಿದೆ ಎಂದಲ್ಲ, ಮೇಲೆ ಹೋಗೋಣ ಎಂದು ಅರ್ಥ. ಎಲ್ಲ ಸರಿಯಿದೆ ಎನ್ನಲು ಹೆಬ್ಬೆರಳು-ತೋರುಬೆರಳು ಸೇರಿಸಿ ವೃತ್ತ ಮಾಡಬೇಕು. ಕಾಫಿ ಹೇಗಿದೆ ಎಂದಾಗಲೆಲ್ಲ ಹೆಬ್ಬೆರಳು ತೋರಿಸುತ್ತಿದ್ದವರು ಈಚೆಗೆ ವೃತ್ತ ತೋರಿಸುತ್ತಾರೆ.

ಅಲ್ಲಿನ ಹೊತ್ತಿನ ಲೆಕ್ಕಕ್ಕೂ ಮೈಯನ್ನು ಒಗ್ಗಿಸಿಕೊಳ್ಳುತ್ತಿದ್ದೇನೆ. ಅಂಡಮಾನ್ ನಮ್ಮ ಮೈಸೂರಿಗಿಂತ ಹದಿನಾರು ರೇಖಾಂಶಗಳಷ್ಟು ಪೂರ್ವಕ್ಕಿದೆ, ಗಡಿಯಾರ ಮಾತ್ರ ಒಂದೇ. ಇಲ್ಲಿಗಿಂತ ಒಂದು ಗಂಟೆಗೂ ಹೆಚ್ಚು ಮೊದಲೇ ಅಲ್ಲಿ ಬೆಳಗಾಗುತ್ತದೆ, ಸಂಜೆ ಐದೂವರೆಯ ಸುಮಾರಿಗೆಲ್ಲ ಕತ್ತಲು. ಬೋಟುಗಳು ಹೊರಡುವುದೂ ಬೆಳ್ಳಂಬೆಳಗ್ಗೆ. ಒಂದು ವಾರದಿಂದ ಒಂಬತ್ತಕ್ಕೆ ಮಲಗಿ ನಾಲ್ಕೂವರೆಗೆ ಏಳುತ್ತಿದ್ದೇನೆ. ನಿದ್ದೆಗೆಟ್ಟವರು, ಹಿಂದಿನ ರಾತ್ರಿ ಕುಡಿದವರು, ನೀರು ಸಾಲದೆ ಮೈ ಒಣಗಿದವರು ಸಮುದ್ರಕ್ಕೆ ಇಳಿಯಬಾರದೆಂದು ಸೂಚನೆಯಲ್ಲಿತ್ತು. ಎರಡನೆಯದು ನನಗೆ ಅನ್ವಯಿಸದು, ಉಳಿದೆರಡನ್ನು ಪಾಲಿಸುತ್ತಿದ್ದೇನೆ.

ಹೀಗೆ ಏಳುವಾಗಲೇ ಇವತ್ತು ಬೆಳಗಿನ ಜಾವ ಎರಡು ಸೀನು ಬಂದವು. ಒಂದು ಬಂದರೆ ಗಾಳಿಗೆ ಬಂತೆನ್ನಬಹುದಿತ್ತು, ಎರಡನೆಯದಕ್ಕೆ ನಾನು ಹಾಸಿಗೆಯ ಮೇಲೆ ಎದ್ದು ಕುಳಿತೆ. ಫೆಬ್ರುವರಿಯ ಮೈಸೂರಿನಲ್ಲಿ ಹಗಲು ಸೆಕೆ, ರಾತ್ರಿ ಚಳಿ; ಮನೆಯ ಮುಂದಿನ ಮಾವಿನ ಮರ ತುಂಬ ಹೂ. ನೆಗಡಿಯಾದರೆ ಇಳಿಯುವುದಿಲ್ಲ, ದಡದಲ್ಲಿ ಕುಳಿತು ಎಳನೀರು ಕುಡಿಯುತ್ತೇನೆ ಎಂದು ಎಲ್ಲರಿಗೂ ಹೇಳಿಬಿಟ್ಟಿದ್ದೇನೆ, ಮುಂಗಡ ಕಟ್ಟಿದ ಹಣದ ಆಸೆಯನ್ನೂ ಬಿಟ್ಟಿದ್ದೇನೆ ಎಂದುಕೊಂಡಿದ್ದೆ. ಬಿಟ್ಟಿಲ್ಲ ಎಂಬುದು ಆ ಸೀನಿನ ಹೊತ್ತಿಗೆ ಗೊತ್ತಾಯಿತು. ಅಡುಗೆಮನೆಗೆ ಹೋಗಿ ನೀರು ಕಾಯಿಸಿ, ಉಪ್ಪು ಹಾಕಿ ಮುಕ್ಕಳಿಸಿ, ಹಬೆ ತೆಗೆದುಕೊಂಡೆ. ದೀಪ ಹಾಕದೆ, ಬಾಗಿಲು ತೆರೆದ ಹಿತ್ತಿಲಿನ ಮೆಟ್ಟಿಲ ಮೇಲೆ ಕುಳಿತು ಮೂಗು ಹಿಡಿದು, ಕೆನ್ನೆ ಉಬ್ಬಿಸದೆ, ವೈದ್ಯರು ಹೇಳಿಕೊಟ್ಟಂತೆ ಮೆಲ್ಲಗೆ ಊದಿದೆ. ಬಲಗಿವಿ ಕೂಡಲೇ ಟಕ್ಕೆಂದಿತು. ಎಡಗಿವಿಯಲ್ಲಿ ಏನೂ ಇಲ್ಲ. ಉಗುಳು ನುಂಗಿ, ಕತ್ತನ್ನು ತುಸು ವಾಲಿಸಿ, ಮತ್ತೊಮ್ಮೆ ಊದಿ ಕಾದೆ. ಪಕ್ಕದ ಮನೆಯ ಹಿತ್ತಿಲಲ್ಲಿ ಯಾರೋ ಬೋರ್‌ವೆಲ್ಲಿನ ಮೋಟರು ಹಾಕಿದರು. ಆ ಸದ್ದಿನ ನಡುವೆ, ಒಳಗೆಲ್ಲೋ ದೂರದಲ್ಲಿ, ಎಡಗಿವಿಯೂ ತೆರೆದುಕೊಂಡಿತು.